ನನ್ನದು

ಇಪ್ಪತ್ತಮೂರು ವರ್ಷ ಅದೇ ಡಬ್ಬಿಯನ್ನು
ಈ ಗಾಜಿನ ಕೌಂಟರಿನ ಮೇಲಿಟ್ಟವಳು ನಾನೇ.
ವಿದೋಸಾವಾ ಅದರ ಹೆಸರು ಹೇಳುತ್ತಿರಲಿಲ್ಲ.
ನಾಣ್ಯ ಎಣಿಸಿಟ್ಟು, 'ನನ್ನದು' ಅನ್ನುತ್ತಿದ್ದಳು.
ಅಷ್ಟೇ. ನನ್ನದು.
ಕನ್ನಡಕದ ಹಾಗೆ, ಬೀಗದ ಕೈಯ ಹಾಗೆ.

ಜೆಮುನ್‌ನಲ್ಲಿ ಆಗ ಯಾರ ಕೈಚೀಲದಲ್ಲಿ ಇರಲಿಲ್ಲ ಅದು?
ಸೈರನ್ ಕೂಗಿದ ಆ ವಸಂತದಲ್ಲಿ
ನೆಲಮಾಳಿಗೆಯ ಕತ್ತಲಲ್ಲಿ ಕೈಯಿಂದ ಕೈಗೆ ದಾಟಿದ್ದು
ರೊಟ್ಟಿಗಿಂತ ಹೆಚ್ಚು ಅದೇ.
ಆಮೇಲೂ ಕಾಫಿ ತಟ್ಟೆಯ ಅಂಚಿಗೆ, ಸಕ್ಕರೆ ಚೂರಿನ ಪಕ್ಕ:
'ಅರ್ಧ ತಗೋ, ಇವತ್ತು ಕೋಶಾವಾ ಬೀಸ್ತಿದೆ.'
ಮೂರು ದಿನಕ್ಕೋ ಏಳು ದಿನಕ್ಕೋ
ಗಾಳಿ ನಿಲ್ಲುತ್ತಿತ್ತು.
ಮಾತ್ರೆ ಮಾತ್ರ ನಿಲ್ಲಲಿಲ್ಲ.

ಬಿಟ್ಟರೆ ಬಿಟ್ಟೆ ಎಂದು ಒಮ್ಮೆ
ಡಬ್ಬಿಯನ್ನೇ ಡ್ಯಾನ್ಯೂಬಿಗೆ ಎಸೆದಳು.
ನಾಲ್ಕನೆಯ ದಿನ ಬಸ್ ನಿಲ್ದಾಣದಲ್ಲಿ
ಸೆಳೆತ ಬಂದು, ನಾಲಿಗೆ ಕಚ್ಚಿಕೊಂಡು ಬಿದ್ದಳು.
ಬಿಡುವುದೆಂದರೆ ಎಸೆಯುವುದಲ್ಲ
ಎಂದು ಅವಳಿಗೆ ಅಂದು ಗೊತ್ತಾಯಿತು.
ನನಗೆ ಮೊದಲೇ ಗೊತ್ತಿತ್ತು. ಹೇಳಿರಲಿಲ್ಲ.

ಹೊಸ ಡಾಕ್ಟರು ಗ್ರೋಜ್ದಾನಾ,
ನನ್ನ ಮಗಳಿಗಿಂತ ಚಿಕ್ಕವಳು,
ಚೀಟಿಯಲ್ಲಿ ಎರಡು ಸಾಲು ಬರೆದಳು:
ಒಂದರಲ್ಲಿ ಬ್ರೊಮಾಜೆಪಾಮ್ ವಾರ ವಾರ ಇಳಿಯುತ್ತದೆ,
ಇನ್ನೊಂದರಲ್ಲಿ ಡಯಜೆಪಾಮ್ ಏರುತ್ತದೆ.
ಅದೇ ಕುಲದ್ದು, ನಿಧಾನದ್ದು,
ಮೈಯಿಂದ ಎದ್ದು ಹೋಗುವಾಗ
ಬಾಗಿಲು ದಡಾರನೆ ಹಾಕಿಕೊಳ್ಳದ್ದು.

'ಮುಳ್ಳಿಗೆ ಮುಳ್ಳೇ ಮದ್ದು ಅನ್ನು' ಎಂದಳು ವಿದೋಸಾವಾ,
'ಸರಿ, ಈ ಎರಡನೆಯ ಮುಳ್ಳನ್ನು
ಯಾವುದರಿಂದ ತೆಗೀತೀ?'
ತೆಗೆಯೋದಿಲ್ಲ, ಸವೆಸೋದು ಅಂದೆ,
ಬಚ್ಚಲಿನ ಸೋಪಿನ ಹಾಗೆ.
ಯಾವ ದಿನ ಮುಗಿಯಿತೆಂದು
ಕೈಗೇ ತಿಳಿಯಬಾರದು.

ಹಿಂದಿನ ಕೋಣೆಯಲ್ಲಿ ಹನಿ ಅಳೆಯತೊಡಗಿದೆ.
ಕಂದು ಸೀಸೆ, ಸೂಜಿಯಿಲ್ಲದ ಸಿರಿಂಜು,
ಬಣ್ಣದಂಗಡಿಯವರು ಕೊಟ್ಟ ಗೋಡೆಯ ಕ್ಯಾಲೆಂಡರು.
ಹದಿನೈದು ದಿನಕ್ಕೊಮ್ಮೆ ಒಂದು ಹನಿ ಕಡಿಮೆ.
ಇಷ್ಟು ಸಣ್ಣದನ್ನು ಇಷ್ಟು ದೊಡ್ಡದಾಗಿ
ನಾನು ಯಾವತ್ತೂ ಅಳೆದಿರಲಿಲ್ಲ.

ಹನ್ನೊಂದನೆಯ ಹನಿಯಲ್ಲಿ ರಾತ್ರಿ ಎರಡಕ್ಕೆ ಫೋನು.
ಫ್ರಿಜ್ಜು ಲಾರಿಯಂತೆ ಗುಡುಗುತ್ತದಂತೆ,
ಹೊದಿಕೆಯ ಒಂದೊಂದು ಎಳೆಯೂ ಚುಚ್ಚುತ್ತದಂತೆ,
ಚರ್ಮದ ಕೆಳಗೆ ಜೇನುಗೂಡು.
'ಹಿಂದಕ್ಕೆ ಹೋಗಲೇ? ಹಳೆಯದಕ್ಕೆ?'
ಗ್ರೋಜ್ದಾನಾ ಬೆಳಿಗ್ಗೆ ಹೇಳಿದ್ದು: ಹಿಂದೆ ಬೇಡ, ಮುಂದೂ ಬೇಡ.
ಇಲ್ಲೇ ಕೂತಿರೋಣ.
ಏಳು ವಾರ ಕೂತೆವು, ಹನ್ನೊಂದು ಹನಿಯ ಜಗಲಿಯಲ್ಲಿ.

ಅಕ್ಟೋಬರಿನಲ್ಲಿ ಸೀಮೆದಾಳಿಂಬೆ ಬೇಯಿಸುತ್ತ
ಇದ್ದಕ್ಕಿದ್ದ ಹಾಗೆ ಅತ್ತಳಂತೆ,
ಹದಿನಾಲ್ಕು ವರ್ಷದ ಹಿಂದೆ ಸತ್ತ ಗಂಡ ರಾಡಿಸಾವ್‌ಗೆ.
ಹೂಳುವ ದಿನ ಎರಡು ನುಂಗಿ ಹೋಗಿದ್ದಳು,
ಮಣ್ಣು ಹಾಕಿದ್ದು ನೆನಪು, ಅತ್ತದ್ದಿಲ್ಲ.
ಸಾಲ ಬಡ್ಡಿ ಸಮೇತ ಬಂತು.
ಪಾಕ ಸೀದುಹೋಯಿತು.
ಸೀದ ಜಾಡಿಯನ್ನೇ ತಂದು ನನಗೆ ಕೊಟ್ಟಳು,
'ವಾಸನೆ ನೋಡು' ಎಂದಳು, ಹೆಮ್ಮೆಯಿಂದ,
'ನನಗೆ ಬರ್ತಿದೆ.'

ಈಗ ಎರಡು ಹನಿ. ನೀರಿಗೂ ಅದಕ್ಕೂ ವ್ಯತ್ಯಾಸ
ಅವಳ ನಾಲಿಗೆಗೆ ಮಾತ್ರ ಗೊತ್ತು.
ಅರ್ಧದ ಅರ್ಧ, ಅದರರ್ಧ:
ಲೆಕ್ಕದಲ್ಲಿ ಸೊನ್ನೆ ಎಂದೂ ಬರುವುದಿಲ್ಲ,
ಅದಕ್ಕೇ ಒಂದು ದಿನ ಲೆಕ್ಕ ಬಿಡಬೇಕು ಎನ್ನುತ್ತಾಳೆ ಗ್ರೋಜ್ದಾನಾ.
ಯಾವ ದಿನ ಅಂತ ಅವಳೂ ಹೇಳುವುದಿಲ್ಲ.

ಇವತ್ತು ಮತ್ತೆ ಕೋಶಾವಾ.
ಅಂಗಡಿಯ ಬೋರ್ಡು ಕಿರುಗುಡುತ್ತಿದೆ.
ಸೀಸೆ ತೆಗೆದುಕೊಂಡವಳು ಹೊರಡಲಿಲ್ಲ.
ನನ್ನ ಬಿಳಿ ಕೋಟಿನ ಎಡ ಜೇಬನ್ನು,
ಅಂಗೈ ಆಗಾಗ ಹೋಗಿ ಮುಟ್ಟಿ ಬರುವ ಆ ಜೇಬನ್ನು
ನೋಡಿದಳು, ಸುಮ್ಮನೆ,
ಎಷ್ಟೋ ವರ್ಷದಿಂದ ನೋಡುತ್ತಿದ್ದವಳ ಹಾಗೆ.

'ನಿನ್ನದು ಯಾವಾಗ?' ಎಂದಳು.